ಅರವತ್ತು ಹಳೆ ಕಂಪ್ಯೂಟರ್ ಎಸೆಯದೆ ಕರೆಂಟ್ ಬಿಲ್ ಇಳಿಸಿದ್ದು: ನನ್ನ ಅನುಭವ

ಮಲೆನಾಡಿನ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಸಿಸ್ಟಮ್ ಅಡ್ಮಿನ್. ಮೂರು ಲ್ಯಾಬ್, ಒಂದು ಲೈಬ್ರರಿ, ಆಫೀಸು, ಪುಟ್ಟ ಸರ್ವರ್ ರೂಮ್. ಒಟ್ಟು 68 ಡೆಸ್ಕ್‌ಟಾಪ್. ಹೆಚ್ಚಿನವು ಇಂಟೆಲ್ ನಾಲ್ಕನೇ ಮತ್ತು ಆರನೇ ಜನರೇಷನ್ನಿನವು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯುತ್ತೆ ಅಂತ ಗೊತ್ತಾದಾಗ ಒಬ್ಬ ವೆಂಡರ್ ಕೊಟೇಶನ್ ತಂದರು. ಲ್ಯಾಬ್ ಮತ್ತು ಲೈಬ್ರರಿಯ 60 ಮಿಷನ್ ಬದಲಿಸಲು ಸುಮಾರು 25 ಲಕ್ಷ. ಕೊಟೇಶನ್ ಮೇಲೆ ಹಸಿರು ಎಲೆಯ ಚಿತ್ರ, 'ಕಡಿಮೆ ವಿದ್ಯುತ್' ಅನ್ನೋ ಮಾತು. ಹಳೆಯವು ಚೆನ್ನಾಗಿಯೇ ಓಡುತ್ತಿದ್ದವು. ವಿಂಡೋಸ್ 11 ಕೇಳುವಷ್ಟು ಹೊಸ ಪ್ರೊಸೆಸರ್ ಇಲ್ಲ ಅನ್ನೋದೇ ಅವುಗಳ ತಪ್ಪು. ಒಂದು ಕಂಪ್ಯೂಟರ್ ತಯಾರಾಗುವಾಗಲೇ ಎಷ್ಟು ಗಣಿ, ಎಷ್ಟು ನೀರು, ಎಷ್ಟು ಕಲ್ಲಿದ್ದಲು ಖರ್ಚಾಗಿರುತ್ತೆ ಅಂತ ನಿಮಗೆ ಗೊತ್ತು. ಓಡುವ ಮಿಷನ್ ಎಸೆಯಲು ನನಗೆ ಮನಸ್ಸಾಗಲಿಲ್ಲ. 'ಒಂದೂವರೆ ಲಕ್ಷ ಕೊಡಿ, ಸಾಕು' ಅಂದೆ. ಮೀಟಿಂಗ್‌ನಲ್ಲಿ ಯಾರೂ ನಂಬಲಿಲ್ಲ.

ಮೊದಲು ಅಳತೆ. ಪ್ಲಗ್‌ಗೆ ಹಾಕುವ ಮೀಟರ್ ಒಂದೂವರೆ ಸಾವಿರಕ್ಕೆ ತಂದೆ. ಸುಮ್ನೆ ಆನ್ ಇದ್ದ ಸಿಪಿಯು 38 ವ್ಯಾಟ್, ಮಾನಿಟರ್ 18, ಯುಪಿಎಸ್ 9-10. ಯುಪಿಎಸ್‌ನದ್ದು ನೋಡಿ ನನಗೇ ಆಶ್ಚರ್ಯ. ಕಂಪ್ಯೂಟರ್ ಆಫ್ ಇದ್ದರೂ ಅದು ತಿನ್ನುತ್ತಲೇ ಇರುತ್ತೆ. 60 ಯುಪಿಎಸ್ ಸೇರಿ ತಿಂಗಳಿಗೆ ಹತ್ತಿರ ಹತ್ತಿರ 400 ಯೂನಿಟ್! ರಾತ್ರಿ ರೌಂಡ್ ಹೋದರೆ 40-45 ಮಿಷನ್ ಆನ್ ಆಗಿಯೇ ಇರುತ್ತಿದ್ದವು. ಸರ್ವರ್ ರೂಮ್ ಎಸಿ ಹಗಲೂ ರಾತ್ರಿ 18ರಲ್ಲಿ. ಎಲ್ಲ ಸೇರಿ ತಿಂಗಳಿಗೆ 2,900 ಯೂನಿಟ್‌ನಷ್ಟು.

ನಮ್ಮಜ್ಜನ ಗದ್ದೆ ಲಿಂಗನಮಕ್ಕಿಯ ನೀರಿನಡಿ ಇದೆ. ಕರೆಂಟ್‌ಗಾಗಿ ಕಟ್ಟಿದ ಆ ಅಣೆಕಟ್ಟು ಮುಗಿದದ್ದು 1964ರಲ್ಲಿ. ಖಾಲಿ ಲ್ಯಾಬ್‌ನಲ್ಲಿ ರಾತ್ರಿಯಿಡೀ ಉರಿಯುವ ಪರದೆ ನೋಡಿದಾಗ ನನಗೆ ಆ ಗದ್ದೆ ನೆನಪಾಗುತ್ತೆ.

ಈಗ ಸೋಲಿನ ಕಥೆ. 2023ರ ಜೂನ್‌ನಲ್ಲಿ 'ಹೋಗುವಾಗ ಆಫ್ ಮಾಡಿ' ಅಂತ ಸುತ್ತೋಲೆ ಹೊರಡಿಸಿದೆವು. ಒಂದು ವಾರ ನಡೆಯಿತು. ಆಮೇಲೆ ಸಂಜೆ ಲ್ಯಾಬ್‌ನ ಎಂಸಿಬಿ, ಅಂದರೆ ಇಡೀ ಲ್ಯಾಬ್‌ನ ಕರೆಂಟ್ ಕಡಿಯುವ ಸ್ವಿಚ್, ಇಳಿಸಲು ಅಟೆಂಡರ್‌ಗೆ ಹೇಳಿದೆ. ಅದು ನನ್ನ ದೊಡ್ಡ ತಪ್ಪು. ಮೇನ್ ಹೋದರೂ ಯುಪಿಎಸ್‌ಗಳು ಮಿಷನ್ ಓಡಿಸುತ್ತಲೇ ಇದ್ದವು. ದಿನಾ ಬ್ಯಾಟರಿ ಪೂರ್ತಿ ಖಾಲಿ. ಎರಡು ತಿಂಗಳಲ್ಲಿ 11 ಬ್ಯಾಟರಿ ಸತ್ತವು. ಒಂದಕ್ಕೆ 950ರಂತೆ ಹತ್ತು ಸಾವಿರ ಹೋಯಿತು. 'ಉಳಿತಾಯ ಮಾಡ್ತೀನಿ ಅಂದ್ರಲ್ಲ ಸಾರ್' ಅಂತ ಅಕೌಂಟ್ಸ್‌ನವರು ಕೇಳಿದರು. ಉತ್ತರ ಇರಲಿಲ್ಲ. ನಂತರ ವಿಂಡೋಸ್‌ನ ಸ್ಲೀಪ್ ಹಚ್ಚಿದೆ. ಹತ್ತು ಮಿಷನ್ ಮಲಗಿದರೆ ಏಳುತ್ತಲೇ ಇರಲಿಲ್ಲ. ಕ್ಲಾಸ್ ಶುರುವಾಗುವ ಹೊತ್ತಿಗೆ ನಾನು ಒಂದೊಂದೇ ಬಟನ್ ಒತ್ತುತ್ತಾ ಓಡಾಡಬೇಕು.

ಕೊನೆಗೆ ಕೆಲಸ ಮಾಡಿದ್ದು ಇದು. ಲ್ಯಾಬ್ ಮಿಷನ್‌ಗಳ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದೆ. ಒಂದಕ್ಕೆ 1,450 ಬಿತ್ತು. ನಲವತ್ತಕ್ಕೆ ಸೆಕೆಂಡ್ ಹ್ಯಾಂಡ್ 4 ಜಿಬಿ ರ‍್ಯಾಮ್, ತಲಾ 450. ಆ ರೇಟಿಗೆ ಎಲ್ಲಿ ಸಿಕ್ಕಿತು ಅಂತ ಹೇಳಲ್ಲ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ನೀವೇ ಎರಡು ದಿನ ತಿರುಗಿ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ, ಹಳೆ ಮಿಷನ್‌ಗೂ ಹಗುರಾದ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್. ವಿದ್ಯಾರ್ಥಿಗಳ ಫೈಲ್‌ಗಳೆಲ್ಲ ಸರ್ವರ್‌ನಲ್ಲಿ. ಆಮೇಲೆ ಲ್ಯಾಬ್ ಮತ್ತು ಲೈಬ್ರರಿಯ ಅಷ್ಟೂ ಯುಪಿಎಸ್ ತೆಗೆದುಬಿಟ್ಟೆ. ಹೌದು, ಅರವತ್ತೂ.

ಇದಕ್ಕೇ ಜಾಸ್ತಿ ಜಗಳ ಆಗಿದ್ದು. 'ಮಿಷನ್ ಎಲ್ಲ ಸುಟ್ಟು ಹೋಗುತ್ತೆ' ಅಂದರು. ಲ್ಯಾಬ್ ಮಿಷನ್‌ಗೆ ಕರೆಂಟ್ ಹೋದರೆ ಹೋಗಲಿ, ಲಿನಕ್ಸ್ ಡಿಸ್ಕ್‌ನಲ್ಲಿ ಫೈಲ್ ಇಡುವ ವ್ಯವಸ್ಥೆ ಎಕ್ಸ್‌ಟಿ4 ಅದನ್ನು ಸಾಮಾನ್ಯವಾಗಿ ತಡೆದುಕೊಳ್ಳುತ್ತೆ. ಹುಡುಗರ ಪ್ರೋಗ್ರಾಂ ನಿಮಿಷಕ್ಕೊಮ್ಮೆ ತಾನೇ ಸೇವ್ ಆಗುತ್ತೆ. ಪ್ರಾಕ್ಟಿಕಲ್ ಪರೀಕ್ಷೆ ದಿನ ಮಾತ್ರ ಜನರೇಟರ್ ಓಡಿಸಿಕೊಳ್ಳುತ್ತೇವೆ. ಸಿಡಿಲಿಗೆ ಕರೆಂಟ್ ಹಂಚುವ ಪ್ರತಿ ಪೆಟ್ಟಿಗೆಯಲ್ಲೂ (ಡಿಬಿ) ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಅರ್ಥಿಂಗ್ ಹೊಸದಾಗಿ ಮಾಡಿಸಿದೆ. ವೈರಿಂಗ್ ಸೇರಿ 20 ಸಾವಿರ. ಒಂದು ಪೂರ್ತಿ ಮಳೆಗಾಲ ಕಳೆಯಿತು. ಒಂದು ಬೋರ್ಡೂ ಸುಟ್ಟಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಬೆಳಿಗ್ಗೆ ಆನ್ ಮಾಡಲು, ಮಿಷನ್‌ನ ಮೂಲ ಸೆಟ್ಟಿಂಗ್ ಇರುವ ಬಯೋಸ್‌ನಲ್ಲಿ ಕರೆಂಟ್ ಬಂದ ಕೂಡಲೇ ಆನ್ ಆಗುವ ಸೆಟ್ಟಿಂಗ್ ಇಟ್ಟೆ. ಟೈಮ್‌ಟೇಬಲ್‌ನಲ್ಲಿ ಯಾವ ಲ್ಯಾಬ್ ಇದೆಯೋ ಅದರ ಸ್ವಿಚ್ ಮಾತ್ರ ಅಟೆಂಡರ್ ಹಾಕುತ್ತಾರೆ. ಸಂಜೆ 5ಕ್ಕೆ ಸ್ಕ್ರಿಪ್ಟ್ ಎಲ್ಲವನ್ನೂ ಶಟ್‌ಡೌನ್ ಮಾಡುತ್ತೆ, 5.45ಕ್ಕೆ ಮೇನ್ ಇಳಿಯುತ್ತೆ. ಯಾರಾದರೂ ನಿಜವಾಗಿ ಕೆಲಸ ಮಾಡುತ್ತಿದ್ದರೆ ಸ್ಕ್ರಿಪ್ಟ್ ಅದನ್ನು ಹೇಗೆ ಗುರುತಿಸುತ್ತೆ ಅನ್ನೋದು ನನ್ನ ಹತ್ತಿರವೇ ಇರಲಿ. ಬರೀ ಮೌಸ್ ನೋಡಿದರೆ ಸಾಲಲ್ಲ ಅಂತ ಮಾತ್ರ ಹೇಳುತ್ತೇನೆ.

ಇದರಲ್ಲೂ ಎರಡು ಪೆಟ್ಟು ತಿಂದೆ. ಇಪ್ಪತ್ತು ಮಿಷನ್‌ಗಳ ಎಸ್‌ಎಂಪಿಎಸ್ (ಒಳಗಿನ ಪವರ್ ಸಪ್ಲೈ) ಒಟ್ಟಿಗೇ ಆನ್ ಆದಾಗ ಎಂಸಿಬಿ ಟ್ರಿಪ್ ಆಗುತ್ತಿತ್ತು. ನಮ್ಮ ಎಲೆಕ್ಟ್ರಿಷಿಯನ್ ಸಾಲಿಗೊಂದು ಸ್ವಿಚ್ ಮಾಡಿ, ಆನ್ ಆಗುವ ಕ್ಷಣದ ಹೆಚ್ಚು ಕರೆಂಟ್ ತಡೆಯುವ ಸಿ ಕರ್ವ್ ಎಂಸಿಬಿ ಹಾಕಿಕೊಟ್ಟರು. ಇನ್ನೊಂದು, ಮದರ್‌ಬೋರ್ಡ್ ಮೇಲಿನ ಸಿಮಾಸ್ ಸೆಲ್. ಮೇನ್ ಪೂರ್ತಿ ಹೋದಾಗ ಸತ್ತ ಸೆಲ್ ಇರುವ ಮಿಷನ್ ಸೆಟ್ಟಿಂಗನ್ನೇ ಮರೆಯುತ್ತೆ. ಅರವತ್ತಕ್ಕೂ ಹೊಸ ಸೆಲ್ ಹಾಕಿದೆ. 25 ರೂಪಾಯಿ ಸೆಲ್, ಆದರೆ ಅದಿಲ್ಲದೆ ಈ ಕ್ರಮ ನಿಲ್ಲಲ್ಲ.

ಆಫೀಸಿನ ಎಂಟು ಮಿಷನ್ ಮುಟ್ಟಲು ಧೈರ್ಯ ಬರಲಿಲ್ಲ. ಲೆಕ್ಕಕ್ಕೆ ಟ್ಯಾಲಿ ಇದೆ, ಕನ್ನಡ ಟೈಪಿಂಗ್‌ಗೆ ನುಡಿ ಇದೆ, ಎರಡೂ ವಿಂಡೋಸ್‌ನವು. 'ನುಡಿ ಹೋದ್ರೆ ನನ್ನ ಕೆಲಸ ನಿಂತಂಗೆ ಸಾರ್' ಅಂತ ಎಫ್‌ಡಿಎ ಮೇಡಂ ಮೊದಲೇ ಹೇಳಿದ್ದರು. ಅಲ್ಲಿಗೆ ಎಂಟನೇ ಜನರೇಷನ್ನಿನ ರಿಫರ್ಬಿಶ್ಡ್ ಮಿಷನ್ ತರಿಸಿದೆವು. ಅದರ ದುಡ್ಡು ಬೇರೆ ಲೆಕ್ಕ. ಲೈಬ್ರರಿಯಲ್ಲಿ ಮಾತ್ರ ಲಿನಕ್ಸ್‌ನ ಟೈಪಿಂಗ್ ಸಾಧನ ಐಬಸ್‌ನಲ್ಲಿ, ನುಡಿಯಲ್ಲಿರುವಂಥದ್ದೇ ಕೆಜಿಪಿ ಕೀಲಿಮಣೆ ಹಾಕಿಕೊಟ್ಟೆ. ಬೆರಳಿನ ಅಭ್ಯಾಸ ಬದಲಾಗಲಿಲ್ಲ, ಲೈಬ್ರರಿಯವರು ಒಪ್ಪಿದರು. ಹಳೆಯ ಟರ್ಬೊ ಸಿ ಬೇಕೇ ಬೇಕು ಅಂದ ಲೆಕ್ಚರರ್‌ಗೆ, ಡಾಸ್ ಕಾಲದ ಪ್ರೋಗ್ರಾಂ ಓಡಿಸುವ ಡಾಸ್‌ಬಾಕ್ಸ್.

ಸರ್ವರ್ ರೂಮ್ ಬೇರೆಯೇ ಕಥೆ. ಎರಡು ಹಳೆ ಸರ್ವರ್ ಕೆಲಸವನ್ನು ಒಂದರ ಮೇಲೆ ವರ್ಚುವಲ್ ಮಾಡಿ, ಇನ್ನೊಂದನ್ನು ಆಫ್ ಮಾಡಿದೆ. ಎಸಿ ಯಾಕೆ, ಮಲೆನಾಡಿನ ತಂಪು ಗಾಳಿ ಇದೆಯಲ್ಲ ಅಂತ ಎಕ್ಸಾಸ್ಟ್ ಫ್ಯಾನ್ ಹಾಕಿದೆ. ಬೇಸಿಗೆಯ ರಾತ್ರಿಗಳಲ್ಲಿ ಸೊಗಸಾಗಿ ನಡೆಯಿತು. ಜುಲೈ ಬಂತು. ತೇವಾಂಶ 90 ದಾಟಿತು, ರ‍್ಯಾಮ್ ಕಾಲುಗಳ ಮೇಲೆ ಕಿಲುಬು. ಫ್ಯಾನ್ ತೂತಿಗೆ ತಗಡು ಹೊಡೆದೆ. ಈಗ ಎಸಿ 26ರಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡ್ರೈ ಮೋಡ್. ಸರ್ವರ್ ಎದುರಿನ ಗಾಳಿ 27 ಡಿಗ್ರಿವರೆಗೆ ಇರಬಹುದು ಅಂತ ಅಮೆರಿಕದ ಎಸಿ ಎಂಜಿನಿಯರ್‌ಗಳ ಸಂಘ ಆಶ್ರೇಯ ಶಿಫಾರಸೇ ಇದೆ. ರ‍್ಯಾಕಿನ ಖಾಲಿ ಜಾಗಗಳಿಗೂ ತಗಡು ಮುಚ್ಚಿದೆ. ಬಿಸಿಗಾಳಿ ಮುಂದಕ್ಕೆ ತಿರುಗಿ ಬರೋದು ನಿಂತಿತು.

ನಡುವೆ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್‌ನಲ್ಲಿ ಥಿನ್ ಕ್ಲೈಂಟ್ (ಕೆಲಸ ಸರ್ವರ್‌ನಲ್ಲಿ, ಇಲ್ಲಿ ಬರೀ ಪರದೆ) ಮಾಡಿ ನೋಡಿದೆ. ಕರೆಂಟ್ ಹೋಗಿ ಬಂದು ಮೂರು ಎಸ್‌ಡಿ ಕಾರ್ಡ್ ಕೆಟ್ಟವು, ಬಿಟ್ಟೆ. ರೂಟರ್ ಮತ್ತು ಒಂದು ಸ್ವಿಚ್ಚನ್ನು ಸೋಲಾರ್ ಪ್ಯಾನಲ್‌ನಿಂದ 12 ವೋಲ್ಟ್‌ನಲ್ಲಿ ಓಡಿಸುತ್ತಿದ್ದೇನೆ. ಮಾರ್ಚ್‌ನಲ್ಲಿ ಬಹಳ ಚೆನ್ನ, ಆಗಸ್ಟ್‌ನಲ್ಲಿ ಇಲ್ಲ. ಮಾನಿಟರ್ ಬ್ರೈಟ್‌ನೆಸ್ 100ರಿಂದ 40ಕ್ಕೆ ಇಳಿಸಿದರೆ ಒಂದಕ್ಕೆ ಐದಾರು ವ್ಯಾಟ್ ಉಳಿಯುತ್ತೆ. ಇದು ಪುಕ್ಕಟೆ, ಇವತ್ತೇ ಮಾಡಿ.

ಗೋಡೌನ್‌ನಲ್ಲಿದ್ದ ಹಳೆ ಡಬ್ಬಿ ಮಾನಿಟರ್ (ಸಿಆರ್‌ಟಿ), ಸತ್ತ ಯುಪಿಎಸ್, ಬೋರ್ಡ್‌ಗಳಿಗೆ ಗುಜರಿಯವರು 22 ಸಾವಿರ ಕೊಡುತ್ತೇನೆ ಅಂದರು. ನೋಂದಾಯಿತ ರಿಸೈಕ್ಲರ್ ಕೊಟ್ಟದ್ದು 14 ಸಾವಿರ. 2022ರ ಇ-ತ್ಯಾಜ್ಯ ನಿಯಮದಲ್ಲಿ ದೊಡ್ಡ ಬಳಕೆದಾರ ಅಂದರೆ ಹಣಕಾಸು ವರ್ಷದ ಯಾವುದಾದರೂ ಹೊತ್ತಿನಲ್ಲಿ ಕನಿಷ್ಠ 1000 ಉಪಕರಣ ಬಳಸಿದವರು. ನಾವು ಅಷ್ಟು ದೊಡ್ಡವರಲ್ಲ. ಆದರೂ ಎಂಟು ಸಾವಿರ ಬಿಟ್ಟುಕೊಟ್ಟೆವು. ಊರಾಚೆ ವೈರ್ ಸುಟ್ಟು ತಾಮ್ರ ತೆಗೆಯುವ ಹೊಗೆ ನಾನು ಕಂಡಿದ್ದೇನೆ. ಅದರ ಪಕ್ಕದ ಹಳ್ಳದ ನೀರನ್ನು ದನ ಕುಡಿಯುತ್ತವೆ.

ಲೆಕ್ಕ ಹೇಳಿಬಿಡುತ್ತೇನೆ. ಸತ್ತ ಬ್ಯಾಟರಿ ಸೇರಿಸಿ ಖರ್ಚು 1.4 ಲಕ್ಷದ ಒಳಗೆ. ತಿಂಗಳಿಗೆ 2,900 ಇದ್ದದ್ದು ಈಗ 1,050 ಯೂನಿಟ್ ಆಸುಪಾಸು. ಯೂನಿಟ್‌ಗೆ ಎಂಟು ರೂಪಾಯಿ ಹಿಡಿದರೂ ತಿಂಗಳಿಗೆ 15 ಸಾವಿರ. ಹತ್ತು ತಿಂಗಳೊಳಗೆ ಹಾಕಿದ ದುಡ್ಡು ಬಂತು. ಯುಪಿಎಸ್ ಬ್ಯಾಟರಿ ಬದಲಿಸುವ ಖರ್ಚು ಉಳಿದದ್ದು ಬೇರೆ. ನಮ್ಮ ದೇಶದ ಗ್ರಿಡ್‌ನಲ್ಲಿ ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಅಂದರೆ, ತಿಂಗಳಿಗೆ 1.3 ಟನ್ ಕಡಿಮೆ.

ಮೀಟಿಂಗ್‌ನಲ್ಲಿ ಬೇಡ ಅಂದವರೇ ಈಗ ಪಕ್ಕದ ನಮ್ಮ ಪಿಯು ಕಾಲೇಜಿಗೂ ಮಾಡಿಕೊಡಿ ಅಂದಿದ್ದಾರೆ. ಅಲ್ಲಿ 24 ಮಿಷನ್. ಹೋಗಿ ನೋಡಿದೆ, 16ರಲ್ಲಿ ಸಿಮಾಸ್ ಸೆಲ್ ಸತ್ತಿದೆ. ಸೆಲ್ ಆರ್ಡರ್ ಮಾಡಿದ್ದೇನೆ.