ಕ್ವೇಕ್ 3 ಅರೀನಾ: ಎಲ್ಲರಿಗೂ ಸಮನಾದ ಪಂದ್ಯಕ್ಕಾಗಿ ಸರ್ವರ್ ಸಿದ್ಧಪಡಿಸಿದ ನನ್ನ ಅನುಭವ

ಇಡ್ ಸಾಫ್ಟ್‌ವೇರ್ ಸಂಸ್ಥೆ 1999ರ ಡಿಸೆಂಬರ್‌ನಲ್ಲಿ ಹೊರತಂದ ಕ್ವೇಕ್ 3 ಅರೀನಾ ಎಂಬ ಗುಂಡಿನ ಕಾಳಗದ ಕಂಪ್ಯೂಟರ್ ಆಟದಲ್ಲಿ ಹೇಳಿಕೊಳ್ಳುವಂಥ ಕಥೆಯೇನೂ ಇಲ್ಲ. ಒಬ್ಬರೇ ಆಡುವಾಗಲೂ ಬಾಟ್‌ಗಳ, ಅಂದರೆ ಕಂಪ್ಯೂಟರೇ ಆಡಿಸುವ ಎದುರಾಳಿಗಳ ಜೊತೆ ಸೆಣಸುವುದಷ್ಟೇ ಕೆಲಸ. ಅದು ಹಲವರು ಸೇರಿ ಆಡಲೆಂದೇ ರೂಪಿಸಿದ ಆಟ. ಗೆಳೆಯರ ಗುಂಪಿಗೆ ಪಂದ್ಯಗಳನ್ನು ಏರ್ಪಡಿಸುವ ಹೊಣೆ ನನ್ನ ಪಾಲಿಗೆ ಬಂದಾಗಿನಿಂದ ನಾನು ಹೆಚ್ಚು ತಲೆ ಕೆಡಿಸಿಕೊಂಡಿರುವುದು ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವುದಕ್ಕಲ್ಲ. ಜೋಡಿಸಿದ ಮೇಲೆ ಯಾರೊಬ್ಬರಿಗೂ ಹೆಚ್ಚಿನ ಅನುಕೂಲ ಕೊಡದ, ಯಾರಿಗೂ ಅನ್ಯಾಯವಾಗದ ಅಂಗಳವನ್ನು ಒದಗಿಸುವುದಕ್ಕೆ.

ಆಟವನ್ನು ನಡೆಸುವ ತಂತ್ರಾಂಶವಾದ ಎಂಜಿನ್ನಿನ ಮೂಲ ಕೋಡ್ 2005ರ ಆಗಸ್ಟ್‌ನಲ್ಲಿ ಯಾರು ಬೇಕಾದರೂ ಬಳಸಿ ಬದಲಾಯಿಸಬಹುದಾದ ಜಿಪಿಎಲ್ ಪರವಾನಗಿಯಡಿ ಮುಕ್ತವಾಯಿತು. ಅದನ್ನು ಆಧರಿಸಿದ ಐಓಕ್ವೇಕ್3 ಎಂಬ ಆವೃತ್ತಿ ಇಂದಿನ ಕಂಪ್ಯೂಟರ್‌ಗಳಲ್ಲಿ ತಕರಾರಿಲ್ಲದೆ ನಡೆಯುವುದರಿಂದ ನಾನು ಅದನ್ನೇ ಬಳಸುತ್ತೇನೆ. ಆದರೆ ಮುಕ್ತವಾದದ್ದು ಕೋಡ್ ಮಾತ್ರ. ಮ್ಯಾಪ್ (ಕಾದಾಟದ ಅಂಗಳ), ಚಿತ್ರ, ಶಬ್ದಗಳೆಲ್ಲ ಅಡಗಿರುವ ಪ್ಯಾಕ್0 ಎಂಬ ಕಡತವನ್ನು ಪ್ರತಿಯೊಬ್ಬರೂ ತಾವು ಕೊಂಡ ಆಟದ ಪ್ರತಿಯಿಂದಲೇ ತಂದು ಬೇಸ್‌ಕ್ಯೂ3 ಫೋಲ್ಡರಿನಲ್ಲಿ ಇಡಬೇಕು. ಅದರ ಜೊತೆಗೆ 1.32 ಎಂಬ ಪ್ಯಾಚಿನ (ತಿದ್ದುಪಡಿಯ) ಪ್ಯಾಕ್ ಕಡತಗಳೂ ಇರಬೇಕು. ಎಸ್‌ವಿ_ಪ್ಯೂರ್ ಎಂಬ ಸೆಟ್ಟಿಂಗ್ 1 ಆಗಿದ್ದರೆ, ಪಂದ್ಯವನ್ನು ನಡೆಸುವ ತಂತ್ರಾಂಶವಾದ ಸರ್ವರ್‌ನಲ್ಲಿರುವ ಪ್ಯಾಕ್ ಕಡತಗಳಿಗೆ ಹೊಂದದ ಕಡತಗಳನ್ನು ಆಟಗಾರರು ಬಳಸುವಂತಿಲ್ಲ. ಎದುರಾಳಿಯ ಮೈಬಣ್ಣವನ್ನು ಕಣ್ಣು ಕುಕ್ಕುವಂತೆ ಬದಲಾಯಿಸಿಕೊಂಡ ಕಡತವೂ ಇದರಿಂದ ಹೊರಗುಳಿಯುತ್ತದೆ. ಸಂಪರ್ಕ ಸಿಗದಾಗ ಇದನ್ನು 0 ಮಾಡಿ ಎಂದು ಹಲವರು ಸಲಹೆ ಕೊಡುತ್ತಾರೆ. ಕಡತಗಳನ್ನು ಸರಿಪಡಿಸುವುದೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ನಿರ್ಧಾರವೆಂದರೆ ಸರ್ವರ್ ಯಾವ ಕಂಪ್ಯೂಟರಿನಲ್ಲಿ ನಡೆಯಬೇಕು ಎಂಬುದು. ಆಟದ ಮೆನುವಿನಿಂದಲೇ ಒಬ್ಬರು ಪಂದ್ಯ ಆರಂಭಿಸಿ ಉಳಿದವರು ಅದಕ್ಕೆ ಸೇರಿಕೊಳ್ಳುವುದು ಸುಲಭವೇನೋ ಹೌದು, ಆದರೆ ಹಾಗೆ ಆರಂಭಿಸಿದವರ ಪಿಂಗ್, ಅಂದರೆ ಸರ್ವರ್‌ಗೆ ಸುದ್ದಿ ಹೋಗಿ ಬರಲು ಹಿಡಿಯುವ ಸಮಯ, ಸೊನ್ನೆಯಾಗಿರುತ್ತದೆ. ಮೂಲ ಆಟದಲ್ಲಿ ವಿಳಂಬವನ್ನು ಸರಿದೂಗಿಸುವ ಏರ್ಪಾಡೇ ಇಲ್ಲ: ರೈಲ್‌ಗನ್ ಎಂಬ ಬಂದೂಕಿನ ಹೊಡೆತ ತಾಗಿತೋ ಇಲ್ಲವೋ ಎಂಬುದನ್ನು ಸರ್ವರ್ ತೀರ್ಮಾನಿಸುವುದು, ಗುಂಡಿ ಒತ್ತಿದ ಸುದ್ದಿ ತನ್ನನ್ನು ತಲುಪಿದ ಕ್ಷಣದಲ್ಲಿ ಎದುರಾಳಿ ಎಲ್ಲಿದ್ದಾನೆ ಎಂದು ನೋಡಿ. ಆದ್ದರಿಂದ 100 ಮಿಲಿಸೆಕೆಂಡ್ ಪಿಂಗ್ ಇರುವವರು ಓಡುತ್ತಿರುವ ಎದುರಾಳಿಯ ಮುಂದಕ್ಕೆ ಗುರಿ ಹಿಡಿಯಬೇಕಾಗುತ್ತದೆ. ಸರ್ವರ್ ಇರುವ ಕಂಪ್ಯೂಟರಿನಲ್ಲೇ ಕುಳಿತವರು ನೇರವಾಗಿ ಮೈಮೇಲೆ ಗುರಿಯಿಟ್ಟರೆ ಸಾಕು. ಒಂದೇ ಹೊಡೆತಕ್ಕೆ 100 ಅಂಕದಷ್ಟು ಹಾನಿ ಮಾಡುವ ಆಯುಧದ ವಿಷಯದಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಹೀಗಾಗಿ ಯಾರೂ ಆಡದ ಹಳೆಯ ಕಂಪ್ಯೂಟರೊಂದನ್ನು ಮೀಸಲಿಟ್ಟು, ಐಓಕ್ವೇಕ್3ರ ಜೊತೆಯಲ್ಲೇ ಬರುವ ಡೆಡಿಕೇಟೆಡ್ (ಪಂದ್ಯ ನಡೆಸುವುದಕ್ಕಷ್ಟೇ ಮೀಸಲಾದ) ಸರ್ವರನ್ನು ಅದರಲ್ಲಿ ನಡೆಸುತ್ತೇನೆ. ಚಿತ್ರ ಬಿಡಿಸುವ ಕೆಲಸ ಅದಕ್ಕಿಲ್ಲವಾದ್ದರಿಂದ ಗ್ರಾಫಿಕ್ಸ್ ಕಾರ್ಡಿನ ಅಗತ್ಯವೂ ಇಲ್ಲ.

ಡೆಡಿಕೇಟೆಡ್ ಎಂಬ ಮೌಲ್ಯವನ್ನು ಸರ್ವರ್ ಆರಂಭಿಸುವ ಆಜ್ಞೆಯಲ್ಲೇ ಕೊಡುತ್ತೇನೆ: ಮನೆಯ ಜಾಲಕ್ಕೆ ಸೀಮಿತವಾದರೆ 1, ಅಂತರ್ಜಾಲದ ಸರ್ವರ್ ಪಟ್ಟಿಯಲ್ಲಿ ಕಾಣಿಸಿಕೊಳ್ಳಬೇಕಾದರೆ 2. ಉಳಿದ ಎಲ್ಲ ಸೆಟ್ಟಿಂಗ್‌ಗಳನ್ನೂ ಒಂದು ಪಠ್ಯ ಕಡತದಲ್ಲಿ ಬರೆದಿಟ್ಟು, ಎಕ್ಸೆಕ್ ಆಜ್ಞೆಯಿಂದ ಓದಿಸುತ್ತೇನೆ. ಆ ಕಡತದಲ್ಲಿ ಸಾಲುಗಳ ಕ್ರಮ ಮುಖ್ಯ. ಪಂದ್ಯದ ಬಗೆಯನ್ನು ತಿಳಿಸುವ ಜಿ_ಗೇಮ್‌ಟೈಪ್ ಮ್ಯಾಪ್ ತೆರೆಯುವಾಗಷ್ಟೇ ಜಾರಿಗೆ ಬರುವುದರಿಂದ ಅದು ಮ್ಯಾಪ್ ಆಜ್ಞೆಗಿಂತ ಮೇಲಿರಬೇಕು. ಮ್ಯಾಪ್ ಆಜ್ಞೆಯನ್ನೇ ಕೊಡದಿದ್ದರೆ ಸರ್ವರ್ ಸುಮ್ಮನೆ ಕಾಯುತ್ತಿರುತ್ತದೆ, ಯಾರಿಗೂ ಕಾಣುವುದಿಲ್ಲ. ಎಲ್ಲರೂ ಎಲ್ಲರ ವಿರುದ್ಧ ಆಡಲು 0, ಇಬ್ಬರ ಪಂದ್ಯಕ್ಕೆ 1, ತಂಡಗಳ ಕಾದಾಟಕ್ಕೆ 3, ಬಾವುಟ ಕಸಿಯುವ ಆಟಕ್ಕೆ 4. ನಮ್ಮ ಗುಂಪು ಹೆಚ್ಚಾಗಿ ಆಡುವುದು 1 ಮತ್ತು 3ನ್ನು. ಇಬ್ಬರ ಪಂದ್ಯದಲ್ಲಿ ಗೆದ್ದವರು ಅಂಗಳದಲ್ಲೇ ಉಳಿದು, ಸೋತವರು ಸಾಲಿನ ಕೊನೆಗೆ ಹೋಗಿ, ಮುಂದಿನವರು ತಾನಾಗಿಯೇ ಒಳಬರುವುದರಿಂದ ಸರದಿಗಾಗಿ ಜಗಳವಾಗುವುದಿಲ್ಲ.

ಮುಂದಿನದು ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಬೈಟ್ ಮಾಹಿತಿ ಕಳುಹಿಸಬಹುದೆಂದು ಆಟಗಾರನ ಕಂಪ್ಯೂಟರ್ ಸರ್ವರ್‌ಗೆ ತಿಳಿಸುವ ಮಿತಿ. ಮೋಡೆಮ್ ಕಾಲದ ಮೂಲ ಆಟದಲ್ಲಿ ಇದು 3000, ಐಓಕ್ವೇಕ್3ರಲ್ಲಿ 25000. ಹಳೆಯ ಕಾನ್ಫಿಗ್ ಕಡತವನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದವರ ಬಳಿ ಆ 3000 ಹಾಗೆಯೇ ಉಳಿದಿರುತ್ತದೆ, ಅಂಥವರು ಇಂಟರ್ನೆಟ್ ಕಂಪನಿಯನ್ನು ಬೈಯುತ್ತಿರುತ್ತಾರೆ. ಪರದೆಯ ಮೇಲೆ ಸಂಪರ್ಕದ ಸ್ಥಿತಿ ತೋರಿಸುವ ಲ್ಯಾಗೋಮೀಟರ್ ತೆರೆದು ನೋಡಿದರೆ ಕಾರಣ ತಿಳಿಯುತ್ತದೆ: ಅದರ ಕೆಳಭಾಗದ ರೇಖಾಚಿತ್ರದಲ್ಲಿ ಹಸಿರು ಗೆರೆ ಬಂದರೆ ಮಾಹಿತಿ ಸರಿಯಾಗಿ ತಲುಪಿದೆ, ಕೆಂಪು ಬಂದರೆ ದಾರಿಯಲ್ಲಿ ಕಳೆದುಹೋಗಿದೆ, ಹಳದಿ ಬಂದರೆ ರೇಟ್ ಮಿತಿಯಿಂದಾಗಿ ಸರ್ವರ್ ತಾನೇ ತಡೆಹಿಡಿದಿದೆ. ಹಳದಿಗೆ ಮದ್ದು ರೇಟ್ ಏರಿಸುವ ಒಂದು ಸಾಲಿನ ಆಜ್ಞೆ. ಕೆಂಪಿಗೆ ಬಹುಪಾಲು ಮದ್ದು ವೈಫೈ ಬಿಟ್ಟು ಕೇಬಲ್ ಹಿಡಿಯುವುದು. ಸರ್ವರ್ ಸೆಕೆಂಡಿಗೆ 20 ಬಾರಿ ಆಟವನ್ನು ಲೆಕ್ಕಹಾಕುವ ಎಸ್‌ವಿ_ಎಫ್‌ಪಿಎಸ್ ಮೌಲ್ಯವನ್ನು ನಾನು ಮುಟ್ಟಿಲ್ಲ. ಅದನ್ನು ಏರಿಸಿದರೆ ಸರ್ವರ್‌ನಿಂದ ಸೆಕೆಂಡಿಗೆ ಎಷ್ಟು ಬಾರಿ ಮಾಹಿತಿ ಬೇಕೆಂದು ತಿಳಿಸುವ ಪ್ರತಿಯೊಬ್ಬರ ಸ್ನ್ಯಾಪ್ಸ್ ಮೌಲ್ಯವನ್ನೂ ಬೆನ್ನುಹತ್ತಿ ಬದಲಾಯಿಸಬೇಕಾಗುತ್ತದೆ.

ಹೊಸಬರಿಗೆ ನಂಬಲು ಕಷ್ಟವಾಗುವ ಸಂಗತಿ ಇನ್ನೊಂದಿದೆ. ಈ ಆಟದಲ್ಲಿ ಎಷ್ಟು ಎತ್ತರ ಜಿಗಿಯಬಹುದು ಎಂಬುದು ಕಂಪ್ಯೂಟರ್ ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸುತ್ತದೆ ಎಂಬುದನ್ನು ಅವಲಂಬಿಸಿದೆ. ಚಲನೆಯ ಪ್ರತಿ ಹಂತದ ಕೊನೆಯಲ್ಲೂ ವೇಗವನ್ನು ಪೂರ್ಣಾಂಕಕ್ಕೆ ಸರಿಹೊಂದಿಸಲಾಗುತ್ತದೆ. ಸೆಕೆಂಡಿಗೆ 125 ಚಿತ್ರ, ಅಂದರೆ ಒಂದೊಂದಕ್ಕೆ 8 ಮಿಲಿಸೆಕೆಂಡ್ ಆದಾಗ ಆ ಸರಿಹೊಂದಿಸುವಿಕೆ ಜಿಗಿಯುವವರ ಪರವಾಗಿ ವಾಲುತ್ತದೆ. ಆಟ ತಾನಾಗಿ ಇಟ್ಟುಕೊಳ್ಳುವ ಮಿತಿ 85. ಇದನ್ನು ಬಲ್ಲವರು 125ಕ್ಕೆ ಏರಿಸಿಕೊಂಡು, ಅರಿಯದವರು ಹತ್ತಲಾಗದ ಅಂಚುಗಳನ್ನು ಸಲೀಸಾಗಿ ಹತ್ತುತ್ತಾರೆ. ಸರ್ವರ್‌ನಲ್ಲಿ ಪಿಮೂವ್_ಫಿಕ್ಸ್ಡ್ ಅನ್ನು 1 ಮಾಡಿದರೆ ಎಲ್ಲರ ಚಲನೆಯೂ 8 ಮಿಲಿಸೆಕೆಂಡ್‌ಗಳ ಒಂದೇ ಹಂತಗಳಲ್ಲಿ ನಡೆದು ಈ ಅಂತರ ಅಳಿಯುತ್ತದೆ. ಪಳಗಿದ ಕೈಗಳು ಗೊಣಗಿದರೂ ನಾನು ಇದನ್ನು ಹಾಕಿಯೇ ಇಡುತ್ತೇನೆ.

ಮ್ಯಾಪ್‌ಗಳ ಸರದಿಗೆ ಒಂದಕ್ಕೊಂದು ಕೊಂಡಿಯಾಗುವ ಸಾಲುಗಳನ್ನು ಬರೆದಿದ್ದೇನೆ: ಪ್ರತಿ ಸಾಲೂ ಒಂದು ಮ್ಯಾಪ್ ತೆರೆದು, ಪಂದ್ಯ ಮುಗಿದಾಗ ಓದಬೇಕಾದ ಮುಂದಿನ ಸಾಲನ್ನು ನೆಕ್ಸ್ಟ್‌ಮ್ಯಾಪ್‌ನಲ್ಲಿ ಇಡುತ್ತದೆ, ಕೊನೆಯದು ಮೊದಲನೆಯದನ್ನು ಸೂಚಿಸಿದರೆ ಚಕ್ರ ಪೂರ್ತಿಯಾಯಿತು. ಇಬ್ಬರಿಗೆ ಕ್ಯೂ3ಟರ್ನಿ2, ತಂಡಗಳಿಗೆ ಕ್ಯೂ3ಡಿಎಂ6 ನನ್ನ ಆಯ್ಕೆ. ಶೂನ್ಯದಲ್ಲಿ ತೇಲುವ ಕ್ಯೂ3ಡಿಎಂ17 ಎಲ್ಲರಿಗೂ ಅಚ್ಚುಮೆಚ್ಚಾದರೂ, ಮರೆಯೇ ಇಲ್ಲದ ಆ ಬಯಲಿನಲ್ಲಿ ರೈಲ್‌ಗನ್ ಹಿಡಿದವರದ್ದೇ ಆಳ್ವಿಕೆಯಾಗುವುದರಿಂದ ಅದನ್ನು ಕೊನೆಗೆ, ಮೋಜಿಗೆಂದು ಇಟ್ಟಿದ್ದೇನೆ.

ಹೊರಗಿನ ಗೆಳೆಯರು ಸೇರಬೇಕಾದರೆ ರೂಟರಿನಲ್ಲಿ ಆಟದ ಮಾಹಿತಿ ಬಂದು ಹೋಗುವ ಯುಡಿಪಿ 27960 ಪೋರ್ಟನ್ನು ಸರ್ವರ್ ಕಂಪ್ಯೂಟರಿಗೆ ತಿರುಗಿಸಬೇಕು, ಫೈರ್‌ವಾಲ್‌ನಲ್ಲೂ ಅದಕ್ಕೆ ಅನುಮತಿ ಇರಬೇಕು. ಇಂಟರ್ನೆಟ್ ಸೇವೆಯವರು ಹಲವು ಗ್ರಾಹಕರಿಗೆ ಒಂದೇ ಸಾರ್ವಜನಿಕ ವಿಳಾಸ ಹಂಚಿದ್ದರೆ ಪೋರ್ಟ್ ತಿರುಗಿಸುವುದರಿಂದ ಪ್ರಯೋಜನವಿಲ್ಲ. ಆಗ ಎಲ್ಲರನ್ನೂ ದೂರದ ಕಂಪ್ಯೂಟರ್‌ಗಳನ್ನು ಒಂದೇ ಮನೆಯಲ್ಲಿರುವಂತೆ ಜೋಡಿಸುವ ವಿಪಿಎನ್ ಜಾಲಕ್ಕೆ ಸೇರಿಸಿ, ಕನ್ಸೋಲ್‌ನಲ್ಲಿ (ಆಟದೊಳಗೆ ಆಜ್ಞೆ ಬರೆಯುವ ಜಾಗದಲ್ಲಿ) ಕನೆಕ್ಟ್ ಎಂದು ಬರೆದು ಆ ಜಾಲದ ವಿಳಾಸ ಕೊಡಿಸುತ್ತೇನೆ. ಅಪರಿಚಿತರು ನುಗ್ಗದಂತೆ ಜಿ_ಪಾಸ್‌ವರ್ಡ್ ಹಾಕುತ್ತೇನೆ. ಆಡುತ್ತಲೇ ಸರ್ವರನ್ನು ನಿಯಂತ್ರಿಸಲು ಆರ್‌ಕಾನ್ ಬಳಸುತ್ತೇನೆ. ಅದರ ಗುಪ್ತಪದ ಯಾವ ಗೂಢಲಿಪಿಯೂ ಇಲ್ಲದೆ ಜಾಲದಲ್ಲಿ ಬಯಲಾಗಿಯೇ ಸಾಗುವುದರಿಂದ, ಬೇರೆಲ್ಲೂ ಬಳಸದ ಪದವೊಂದನ್ನು ಅದಕ್ಕೆಂದೇ ಇಟ್ಟಿದ್ದೇನೆ.