ಬಿಲ್ಲೆಯ ಮೇಲೆ ಹೊರಿಸಿದ ತಪ್ಪು

ಸಿಲಿಕೋನ್ ಬಿಲ್ಲೆಗಳನ್ನು ಇಲಿಯ ಚರ್ಮದಡಿ ಇಟ್ಟು, ಸುತ್ತಲಿನ ಅಂಗಾಂಶ ಹೇಗೆ ವರ್ತಿಸುತ್ತದೆಂದು ನೋಡುವುದು ನನ್ನ ಕೆಲಸ. ಮೇಣದಲ್ಲಿ ಹುದುಗಿಸಿ 5 ಮೈಕ್ರಾನ್ ದಪ್ಪಕ್ಕೆ ಕೊಯ್ಯುವಾಗ ಸಿಲಿಕೋನ್ ಜಾರಿ ಬಿದ್ದುಹೋಗುತ್ತದೆ. ಸ್ಲೈಡಿನಲ್ಲಿ ಉಳಿಯುವುದು ಒಂದು ತೂತು. ಆ ತೂತಿನ ಅಂಚನ್ನೇ ನಾನು ಓದುತ್ತೇನೆ.

ದೇಹಕ್ಕೆ ಬರೀ ಸಿಲಿಕೋನ್ ಕಾಣುವುದೇ ಇಲ್ಲ. ಒಳಗಿಟ್ಟ ಕೆಲವೇ ಸೆಕೆಂಡುಗಳಲ್ಲಿ ರಕ್ತದ ಪ್ರೋಟೀನುಗಳು ಅದರ ಮೈಗೆ ಅಂಟಿಕೊಳ್ಳುತ್ತವೆ, ಜೀವಕೋಶಗಳು ಮುಟ್ಟುವುದು ಆ ಪದರವನ್ನು. ಮೊದಲು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬಂದು ಹೋಗುತ್ತವೆ, ಆಮೇಲೆ ಪರವಸ್ತುಗಳನ್ನು ನುಂಗುವ ಮ್ಯಾಕ್ರೋಫೇಜ್ ಕೋಶಗಳು. ಬಿಲ್ಲೆಯನ್ನು ನುಂಗಲಾಗದೆ ಅವುಗಳಲ್ಲಿ ಕೆಲವು ಒಂದಕ್ಕೊಂದು ಬೆಸೆದು ದೈತ್ಯಕೋಶಗಳಾಗುತ್ತವೆ. ಕೊನೆಗೆ ಬಿಲ್ಲೆಯ ಸುತ್ತ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನಿನ ಗೋಡೆ ಏಳುತ್ತದೆ. ಇದನ್ನು 'ದೇಹ ತಿರಸ್ಕರಿಸಿತು' ಎನ್ನುವವರಿಗೆ ತಿದ್ದಿ ಹೇಳಿ ನನಗೆ ಸಾಕಾಗಿದೆ. ಕಸಿ ಮಾಡಿದ ಮೂತ್ರಪಿಂಡದ ತಿರಸ್ಕಾರವೇ ಬೇರೆ.

ಒಮ್ಮೆ ಎರಡನೆಯ ಕಂತಿನ ಬಿಲ್ಲೆಗಳು ನನ್ನನ್ನು ಪೇಚಿಗೆ ಸಿಕ್ಕಿಸಿದವು. ಏಳನೆಯ ದಿನಕ್ಕೆ ಮಾಯವಾಗಿರಬೇಕಾದ ನ್ಯೂಟ್ರೋಫಿಲ್‌ಗಳು, ಆ ತುಂಡುತುಂಡು ಕೋಶಕೇಂದ್ರಗಳ ಸಮೇತ, ತೂತಿನ ಅಂಚಿನಲ್ಲಿ ಕಿಕ್ಕಿರಿದಿದ್ದವು. ವಸ್ತು ಅದೇ, ಅಚ್ಚು ಅದೇ. ಸಿಲಿಕೋನ್ ಸರಿಯಾಗಿ ಗಟ್ಟಿಯಾಗಿಲ್ಲ, ಒಳಗಿನ ಶೇಷ ಸೋರುತ್ತಿದೆ ಎಂದು ನಂಬಿ ಎರಡು ವಾರ ಅದರ ಹಿಂದೆ ಬಿದ್ದೆ. ಏನೂ ಸಿಗಲಿಲ್ಲ.

"ಇವನ್ನು ಯಾವ ನೀರಿನಲ್ಲಿ ತೊಳೆದಿರಿ, ಸರ್?" ಎಂದು ಕೇಳಿದ್ದು ಪ್ರಯೋಗಾಲಯದ ಸಹಾಯಕ. ಡಬ್ಬಿಯಲ್ಲಿ ನಾಲ್ಕು ದಿನ ನಿಂತಿದ್ದ ನೀರು! ಆಮೇಲೆ ಆಟೋಕ್ಲೇವ್ ಮಾಡಿದ್ದೆನಲ್ಲ ಎಂದು ನಿಶ್ಚಿಂತನಾಗಿದ್ದೆ. 121 ಡಿಗ್ರಿಯ ಹಬೆಗೆ ಬ್ಯಾಕ್ಟೀರಿಯಾ ಸಾಯುತ್ತವೆ, ಆದರೆ ಅವುಗಳ ಹೊರಪೊರೆಯ ಎಂಡೋಟಾಕ್ಸಿನ್ ಎಂಬ ವಿಷ ಬಿಲ್ಲೆಗೆ ಅಂಟಿಕೊಂಡೇ ಇದ್ದು ನ್ಯೂಟ್ರೋಫಿಲ್‌ಗಳನ್ನು ಕರೆಯುತ್ತದೆ. ಎಂಡೋಟಾಕ್ಸಿನ್ ಪತ್ತೆಗೆಂದು ಹಾರ್ಸ್‌ಶೂ ಏಡಿಯ ರಕ್ತದಿಂದ ತಯಾರಿಸಿದ ದ್ರಾವಣದಲ್ಲಿ ಪರೀಕ್ಷಿಸಿದೆ. ಒಂದು ಉಪಕರಣಕ್ಕೆ ಸಾಮಾನ್ಯವಾಗಿ ಒಪ್ಪುವ ಮಿತಿ 20 ಎಂಡೋಟಾಕ್ಸಿನ್ ಘಟಕ. ನನ್ನ ಬಿಲ್ಲೆಗಳು ಅದನ್ನು ಎಲ್ಲಿಯೋ ದಾಟಿಹೋಗಿದ್ದವು.

ಈಗ ಗಾಜಿನ ಸಾಮಾನನ್ನೆಲ್ಲ 250 ಡಿಗ್ರಿಯ ಒಣಶಾಖದಲ್ಲಿ ಅರ್ಧ ಗಂಟೆ ಇಡುತ್ತೇನೆ. ತೊಳೆಯಲು ಎಂಡೋಟಾಕ್ಸಿನ್ ಇಲ್ಲದ ನೀರು, ಅದೂ ಆಗಷ್ಟೇ ತೆರೆದ ಬಾಟಲಿಯದು. ಪ್ರತಿ ಕಂತಿನಿಂದ ಎರಡು ಬಿಲ್ಲೆಗಳನ್ನು ಪರೀಕ್ಷಿಸದೆ ಒಂದನ್ನೂ ಚರ್ಮದಡಿ ಇಡುವುದಿಲ್ಲ. ಮೂರನೆಯ ಕಂತಿನ ಅಂಚುಗಳು ಏಳನೆಯ ದಿನಕ್ಕೆ ಶಾಂತವಾಗಿದ್ದವು. ಎರಡನೆಯ ಕಂತಿಗೆ ಬಳಸಿದ ಹನ್ನೆರಡು ಇಲಿಗಳು ಮಾತ್ರ ನನ್ನ ಡಬ್ಬಿಯ ನೀರಿಗಾಗಿ ಸತ್ತವು.