ಮೋಡ ಉಳಿದರೆ ಕಲ್ಲನ್ನು ಬೆಳಗಬಹುದು

ಬಾದಾಮಿಯ ಮೂರನೇ ಗುಹೆಯ ಮೊಗಸಾಲೆಯ ಕೊನೆಯಲ್ಲಿ, ಆದಿಶೇಷನ ಸುರುಳಿಯ ಮೇಲೆ ವಿಷ್ಣು ಕುಳಿತಿದ್ದಾನೆ. ಗುಹೆ ಉತ್ತರಕ್ಕೆ ತೆರೆದಿರುವುದರಿಂದ ಬೆಳಗಿನ ಹತ್ತು ಗಂಟೆಗೂ ಅವನ ಮೇಲೆ ನೆರಳೇ. ಕಂಬಗಳ ಆಚೆಗೆ ಮಾತ್ರ ಕಣ್ಣು ಕುಕ್ಕುವ ಆಕಾಶ. ಮೂರ್ತಿಯೂ ಮೋಡವೂ ಒಂದೇ ಚಿತ್ರದಲ್ಲಿ ಬೇಕೆಂಬುದು ನನ್ನ ಹಟವಾಗಿತ್ತು.

ನನ್ನ ಕ್ಯಾಮೆರಾ ಫ್ಯೂಜಿಫಿಲ್ಮ್ ಎಕ್ಸ್-ಟಿ30. ಮೊದಲ ಚಿತ್ರವನ್ನು ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 160, ಎಫ್/8 (ಲೆನ್ಸಿನ ಕಿಂಡಿಯ ಅಳತೆ), 1/80 ಸೆಕೆಂಡಿನಲ್ಲಿ, ಕ್ಯಾಮೆರಾವೇ ಸಿದ್ಧಮಾಡಿ ಕೊಡುವ ಬರೀ ಜೆಪೆಗ್ ಆಗಿ ತೆಗೆದೆ. ಮೂರ್ತಿ ಚೆನ್ನಾಗಿ ಬಂತು, ಆಕಾಶ ಸುಣ್ಣ ಬಳಿದಂತಾಯಿತು. ಕಂಪ್ಯೂಟರಿನಲ್ಲಿ ಹೈಲೈಟ್, ಅಂದರೆ ಅತಿ ಬೆಳಗಿದ ಭಾಗಗಳನ್ನು, ಎಷ್ಟು ಇಳಿಸಿದರೂ ಬಿಳುಪು ಬೂದಿಯಾಯಿತೇ ಹೊರತು ಒಂದು ಮೋಡವೂ ಮೂಡಲಿಲ್ಲ. ಬೆಳಕು ಹಿಡಿಯುವ ಸೆನ್ಸರ್ ತುಂಬಿ ತುಳುಕಿದ ಮೇಲೆ ಅಲ್ಲಿ ಹುಡುಕಲು ಏನೂ ಉಳಿದಿರುವುದಿಲ್ಲ.

ಎರಡನೆಯ ಸಲ ಕ್ಯಾಮೆರಾದಲ್ಲೇ ಡಿಆರ್400 ಆರಿಸಿದೆ; ಡಿಆರ್ ಎಂದರೆ ಡೈನಾಮಿಕ್ ರೇಂಜ್, ಬೆಳಕು ನೆರಳುಗಳೆರಡರ ವಿವರವನ್ನೂ ಉಳಿಸುವ ವ್ಯಾಪ್ತಿ. ಇದಕ್ಕೆ ಐಎಸ್‌ಒ ಕನಿಷ್ಠ 640 ಇರಬೇಕು, ಕಾರಣ ಸರಳ: ಕ್ಯಾಮೆರಾ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು ಅಥವಾ ದುಪ್ಪಟ್ಟಾಗುವುದು) ಕಡಿಮೆ ಬೆಳಕನ್ನು ಹಿಡಿದು, ಆಮೇಲೆ ನೆರಳು ಮತ್ತು ನಡುವಣ ಛಾಯೆಗಳನ್ನು ಮೇಲೆತ್ತುತ್ತದೆ. ಶಟರ್ 1/320ಕ್ಕೆ ಏರಿತು, ಮೋಡಗಳ ಅಂಚು ಕಾಣಿಸಿತು. ನಿಜಕ್ಕೂ ಖುಷಿಯಾಯಿತು. ಆದರೆ ಹತ್ತಿರದಿಂದ ನೋಡಿದರೆ ಹೆಡೆಗಳ ಮೇಲಿನ ಉಳಿಯ ಗೆರೆಗಳು ಕ್ಯಾಮೆರಾ ನಾಯ್ಸ್, ಅಂದರೆ ಚಿತ್ರದಲ್ಲಿ ಮೂಡುವ ಕಾಳುಕಾಳು ಚುಕ್ಕೆಗಳನ್ನು, ಅಳಿಸುವ ಭರದಲ್ಲಿ ಮೇಣದಂತೆ ನಯವಾಗಿದ್ದವು. ಬೇಡದ ಮೂಲೆಗಳೂ ಬೆಳಗಿದ್ದವು.

ಮೂರನೆಯದು ರಾ, ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಕಚ್ಚಾ ಕಡತ. ಡಿಆರ್100 (ನೆರಳನ್ನು ಮೇಲೆತ್ತದ ಮಾಮೂಲಿ ಆಯ್ಕೆ), ಐಎಸ್‌ಒ 160, ಮೋಡಕ್ಕೆ ಹೊಂದಿಸಿ 1/640. ಕ್ಯಾಮೆರಾದ ಪರದೆಯಲ್ಲಿ ಗುಹೆ ಕತ್ತಲೆಯ ಗೂಡಿನಂತಿತ್ತು. ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ನಕ್ಷೆ ಅತಿ ಬಿಳುಪಿನ ಬಲತುದಿಗೆ ತಾಗದೆ ನಿಂತದ್ದೇ ನನಗೆ ಧೈರ್ಯ. ಮನೆಯಲ್ಲಿ ಮೂರ್ತಿಯ ಸುತ್ತ ಮಾಸ್ಕ್ ಎಳೆದು ಅಷ್ಟನ್ನೇ ಮೂರು ಸ್ಟಾಪ್ ಎತ್ತಿದೆ. ಚಾವಣಿಯನ್ನು ಕತ್ತಲಲ್ಲೇ ಬಿಟ್ಟೆ. ಕಾಳುಕಾಳಾದ ನಾಯ್ಸ್ ಇತ್ತು, ಆದರೆ ಅದನ್ನು ಎಷ್ಟು ಅಳಿಸಬೇಕೆಂಬುದು ನನ್ನ ಕೈಯಲ್ಲಿತ್ತು. ಕೆಂಪು ಮರಳುಗಲ್ಲಿನ ಪದರಗಳು ಒಂದೊಂದಾಗಿ ಎದ್ದುಬಂದವು.

ಹಾಗೆಂದು ಡಿಆರ್400 ಅನ್ನು ಬಿಟ್ಟಿಲ್ಲ. ನೆಂಟರ ಮನೆಯ ನಾಮಕರಣಕ್ಕೆ ಹೋದರೆ ಚಿತ್ರಗಳನ್ನು ಸಂಜೆಯೊಳಗೆ ಕಳಿಸಬೇಕು. ಕಿಟಕಿಯ ಬೆಳಕಿನಲ್ಲಿ ಕುಳಿತ ತಾಯಿ ಮಗುವಿಗೆ ಅದು ಚೆನ್ನಾಗಿ ಒದಗುತ್ತದೆ. ಇನ್ನೊಂದು ಮಾತು: ಡಿಆರ್100ರಲ್ಲಿ ತೆಗೆದ ರಾ ಕಡತವನ್ನು ಆಮೇಲೆ ಕ್ಯಾಮೆರಾದಲ್ಲೇ ಡಿಆರ್400 ಆಗಿ ಬದಲಿಸಲಾಗದು. ಅದಕ್ಕೇ ಗುಹೆಯೊಳಗೆ ಕಾಲಿಡುವ ಮೊದಲೇ ಆ ಮೆನು ತೆರೆದು ನೋಡಿಕೊಳ್ಳುತ್ತೇನೆ.